ಟೆರೇಸ್ ಮೇಲೆ ಮೆಣಸಿನಗಿಡ, ರೋಹಿಣಿ ಮಳೆಯಿಂದ ಯುಗಾದಿವರೆಗೆ

ಮೆಣಸಿನಗಿಡ ಬೆಳೆಸೋದು ಸುಲಭ ಅಂತ ಎಲ್ರೂ ಹೇಳ್ತಾರೆ, ಅಡುಗೆಮನೆ ಡಬ್ಬಿಯಿಂದ ನಾಲ್ಕು ಬೀಜ ತೆಗೆದು ಕುಂಡಕ್ಕೆ ಎಸೆದ್ರೆ ಸಾಕಂತೆ. ಬರೋದು ಬರುತ್ತೆ, ಸುಳ್ಳಲ್ಲ. ಆಮೇಲೆ ಒಂದಡಿ ಎತ್ತರ ಆಗಿ, ಎಲೆ ಮುದುಡ್ಕೊಂಡು, ಮೂರು ಕಾಯಿ ಬಿಟ್ಟು ಹಾಗೇ ನಿಂತ್ಬಿಡುತ್ತೆ. ನಂದೂ ಮೊದಲ ಎರಡು ವರ್ಷ ಇದೇ ಕಥೆ. ನಮ್ಮೂರು ಹಾವೇರಿ ಕಡೆ, ಸೀಸನ್ನಲ್ಲಿ ಬಸ್ಸು ಬ್ಯಾಡಗಿ ಹತ್ರ ಬರ್ತಿದ್ದಂಗೆ ಒಳಗಿರೋರೆಲ್ಲ ಸೀನೋಕೆ ಶುರು ಮಾಡ್ತಾರೆ, ಅಂಥ ಕಡೆ ಹುಟ್ಟಿ ಬೆಳೆದೋನು ಬೆಂಗಳೂರಿನ ಟೆರೇಸಲ್ಲಿ ಒಂದು ಮೆಣಸಿನಗಿಡ ಉಳಿಸ್ಕೊಳ್ಳೋಕೆ ಆಗ್ಲಿಲ್ಲ ಅಂದ್ರೆ ಅವ್ವ ಫೋನಲ್ಲಿ ನಗದೆ ಇನ್ನೇನು ಮಾಡ್ತಾಳೆ.

"ನೀ ಅದಕ್ಕ ಭಾಳ ಉಪಚಾರ ಮಾಡಾಕತ್ತಿ ತಮ್ಮಾ, ಅದಕ್ಕ ಸಾಯಾಕತ್ತೈತಿ. ದಿನಾ ಕುಡಿ ಒಂದ್ ನೋಡು, ಉಳಿದದ್ದು ಬಿಡು" ಅಂದ್ಲು. ಕುಡಿ ಅಂದ್ರೆ ಗಿಡದ ತುದಿ, ಹೊಸ ಎಲೆ ಬಿಚ್ಕೊಳ್ಳೋ ಜಾಗ. ಆರು ವರ್ಷ ಆಯ್ತು, ಈಗ ಗಿಡ ಬೆಳೆಸೋ ಹದಿನಾಲ್ಕು ಬ್ಯಾಗ್ ಇದೆ, ಮನೆಗೆ ಮೆಣಸಿನಕಾಯಿ ಕೊಳ್ಳೋದು ಹೆಚ್ಚುಕಮ್ಮಿ ನಿಂತಿದೆ. ಕಲಿತಿದ್ದು ಅಷ್ಟೇ, ನೀರು ಗೊಬ್ಬರ ಔಷಧ ಎಲ್ಲಾ ಕುಡಿ ನೋಡಿ ಕೊಡೋದು, ಕ್ಯಾಲೆಂಡರ್ ನೋಡಿ ಅಲ್ಲ. ಬಿತ್ತೋದಕ್ಕೆ ಮಾತ್ರ ಕ್ಯಾಲೆಂಡರ್ ಬೇಕು, ಅಲ್ಲಿಂದಾನೇ ಶುರು ಮಾಡ್ತೀನಿ.

ಯಾವಾಗ ಬಿತ್ತೋದು, ಯಾವ ಮೆಣಸು

ಬೆಂಗಳೂರು, ಮೈಸೂರು, ತುಮಕೂರು ಕಡೆಯವರು ಮೇ ಕೊನೇ ವಾರ, ಅಂದ್ರೆ ರೋಹಿಣಿ ಮಳೆ ಹೊತ್ತಿಗೆ ಬೀಜ ಹಾಕಿ. ಆಗಿನ್ನೂ ಸೆಕೆ ಇರುತ್ತೆ, ಮೆಣಸಿನ ಬೀಜ ಮೊಳಕೆ ಒಡೆಯೋಕೆ 25 ರಿಂದ 30 ಡಿಗ್ರಿ ಬೇಕು, ಅದು ಪುಕ್ಕಟೆ ಸಿಗುತ್ತೆ. ಜುಲೈ ಮೊದಲ ವಾರ ನಾಟಿ, ಗಣೇಶನ ಹಬ್ಬದ ಆಸುಪಾಸಲ್ಲಿ ಮೊದಲ ಹಸಿಮೆಣಸು, ದಸರಾ ದೀಪಾವಳಿ ಹೊತ್ತಿಗೆ ಹಣ್ಣು, ಜನವರಿಯಲ್ಲಿ ಒಣಗಿಸೋದು. ಮಂಗಳೂರು, ಉಡುಪಿ, ಮಲೆನಾಡಿನವರು ಈ ಲೆಕ್ಕ ಇಟ್ಕೋಬೇಡಿ, ನಿಮ್ಮ ಜುಲೈ ಮಳೆಗೆ ಬೇರು ಕೊಳೆತೇ ಹೋಗುತ್ತೆ. ನೀವು ಆಗಸ್ಟ್ ಕೊನೇಲಿ ಬೀಜ ಹಾಕಿ ಮಳೆ ಜೋರು ಇಳಿದ ಮೇಲೆ ನಾಟಿ ಮಾಡಿ. ಅಮೆರಿಕಾದಲ್ಲೋ ಐರ್ಲೆಂಡಲ್ಲೋ ಇರೋ ನಮ್ಮೋರು ಫೆಬ್ರವರಿ ಮಾರ್ಚಲ್ಲೇ ಮನೆಯೊಳಗೆ ಸಸಿ ಮಾಡ್ಕೊಂಡು, ಹಿಮ ಬೀಳೋದು ಪೂರ್ತಿ ನಿಂತ ಮೇಲೆ ಹೊರಗಿಡಬೇಕು, ಇಲ್ಲಾಂದ್ರೆ ಹಣ್ಣಾಗೋ ಹೊತ್ತಿಗೆ ಚಳಿ ಬಂದ್ಬಿಡುತ್ತೆ.

ತಳಿ ವಿಷಯಕ್ಕೆ ಬಂದ್ರೆ, ಮೊದಲ ಸಲ ಬೆಳೆಸೋರು ದಯವಿಟ್ಟು ಭೂತ್ ಜೊಲೋಕಿಯಾ, ಕ್ಯಾರೊಲಿನಾ ರೀಪರ್ ಅಂತ ಹೋಗಬೇಡಿ. ಭೂತ್ ಜೊಲೋಕಿಯಾ 2007ರಲ್ಲಿ ಗಿನ್ನೆಸ್ ದಾಖಲೆ ಮಾಡಿದ್ದು, ಖಾರ ಅಳೆಯೋ ಸ್ಕೋವಿಲ್ ಲೆಕ್ಕದಲ್ಲಿ ಹತ್ತು ಲಕ್ಷ ದಾಟಿದ್ದು. ಆಮೇಲೆ ರೀಪರ್ ಬಂತು, 2023ರಲ್ಲಿ ಪೆಪ್ಪರ್ ಎಕ್ಸ್ ಅಂತ ಇನ್ನೊಂದು ಬಂದು ಸುಮಾರು 27 ಲಕ್ಷಕ್ಕೆ ನಿಂತಿದೆ. ನೋಡೋಕೆ, ಫೋಟೋ ಹಾಕೋಕೆ ಚೆನ್ನಾಗಿರುತ್ತೆ. ಆದ್ರೆ ಒಂದು ಗಿಡದ ಕಾಯಿ ಮನೆಮಂದಿಗೆಲ್ಲ ವರ್ಷಕ್ಕಾದ್ರೂ ಖರ್ಚಾಗಲ್ಲ, ಬೀಜ ಮೊಳಕೆ ಬರೋಕೇ ಮೂರು ನಾಲ್ಕು ವಾರ, ಹಣ್ಣಾಗೋಕೆ ಮಾಮೂಲಿ ಮೆಣಸಿಗಿಂತ ಎರಡು ತಿಂಗಳು ಜಾಸ್ತಿ. ನಾನು ಒಂದೇ ಒಂದು ಇಟ್ಕೊಂಡಿದ್ದೀನಿ, ಅದೂ ನೆಂಟರಿಗೆ ತೋರಿಸೋಕೆ.

ದಿನದ ಅಡುಗೆಗೆ ಜ್ವಾಲಾ ಒಳ್ಳೇದು, ಉದ್ದ, ಸುಕ್ಕು ಸುಕ್ಕು, ಬೇಗ ಕಾಯಿ ಬಿಡುತ್ತೆ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರ ಅರ್ಕಾ ತಳಿಗಳೂ ಇವೆ, ಅರ್ಕಾ ಮೇಘನಾ, ಅರ್ಕಾ ಹರಿತಾ, ಅರ್ಕಾ ಲೋಹಿತ್ ಅಂತೆಲ್ಲ. ಮೇಘನಾ, ಹರಿತಾ ಹೈಬ್ರಿಡ್, ಅದರ ಬೀಜ ತೆಗೆದಿಟ್ಟು ಮುಂದಿನ ವರ್ಷ ಹಾಕಿದ್ರೆ ತಾಯಿ ಥರಾನೇ ಬರಲ್ಲ, ಲೋಹಿತ್ ಹಂಗಲ್ಲ, ಬೀಜ ಇಟ್ಕೋಬಹುದು. ಒಣಗಿಸಿ ಪುಡಿ ಮಾಡ್ಬೇಕು ಅಂದ್ರೆ ಬ್ಯಾಡಗಿ, ಅದರಲ್ಲಿ ಡಬ್ಬಿ, ಕಡ್ಡಿ ಅಂತ ಎರಡು ಬಗೆ. ಡಬ್ಬಿ ಗುಂಡಗೆ ದಪ್ಪಗೆ ಇರುತ್ತೆ, ಕಡ್ಡಿ ತೆಳ್ಳಗೆ ಉದ್ದ. 2011ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿರೋ ಮೆಣಸು ಇದು, ಖಾರ ಕಮ್ಮಿ, ಬಣ್ಣ ಮಾತ್ರ ಕೈಗೆ ಅಂಟ್ಕೊಂಡ್ರೆ ಎರಡು ದಿನ ಹೋಗಲ್ಲ. ಕರಾವಳಿಯವರಿಗೆ ಹರೇಕಳ ಮೆಣಸು ಸಿಕ್ಕಿದ್ರೆ ಅದೇ ಹಾಕಿ.

ಇನ್ನು ಸೂಜಿಮೆಣಸು, ಕೆಲವರು ಜೀರಿಗೆ ಮೆಣಸು ಅಂತೀರ, ಗಾಂಧಾರಿ ಅಂತೀರ. ಅರ್ಧ ನೆರಳಲ್ಲೂ ಬದುಕೋ ಮೆಣಸು ಅದು. ಪೂರ್ವ ದಿಕ್ಕಿನ ಬಾಲ್ಕನಿ ಮಾತ್ರ ಇರೋ ಫ್ಲ್ಯಾಟಿನವರು ಬೇರೇನೂ ಯೋಚನೆ ಮಾಡ್ದೆ ಇದನ್ನೇ ಹಾಕಿ. ಮಿಕ್ಕ ಎಲ್ಲಾ ಮೆಣಸಿಗೂ ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೇಕೇ ಬೇಕು.

ಬೀಜ, ಸಸಿ

ಅಡುಗೆಮನೆ ಡಬ್ಬಿ ಬೀಜದ ವಿಷಯ. ಒಣಮೆಣಸಿನಕಾಯಿ ಬಿಸಿಲಲ್ಲಿ ಒಣಗಿದ್ದು, ಹೊಸದು ಅಂದ್ರೆ ಬೀಜ ಬರುತ್ತೆ, ಹಳೇದಾಗಿದ್ರೆ ಅಥವಾ ಜೋರು ಶಾಖದಲ್ಲಿ ಒಣಗಿಸಿದ್ರೆ ಬರಲ್ಲ. ಹಸಿಮೆಣಸಿನ ಬೀಜ ಬಲಿತೇ ಇರಲ್ಲ, ಅದನ್ನ ಹಾಕಿ ಕಾಯೋದು ವೇಸ್ಟು. ಪ್ಯಾಕೆಟ್ ಬೀಜ ತಗೊಳ್ಳೋರು ಹಿಂದೆ ಇರೋ ತಾರೀಕು ನೋಡಿ ತಗೊಳ್ಳಿ. ಒಂದು ಅಂಗಡಿಯಲ್ಲಿ ಬ್ಯಾಡಗಿ ಅಂತ ಲೂಸ್ ಬೀಜ ಕೊಟ್ಟಿದ್ರು ನಂಗೆ, ನಾಲ್ಕು ತಿಂಗಳು ಸಾಕಿದ ಮೇಲೆ ಗೊತ್ತಾಯ್ತು ಬಜ್ಜಿ ಮೆಣಸು ಅಂತ. ಬಜ್ಜಿ ಏನೋ ತಿಂದ್ವಿ, ಅದು ಬೇರೆ ವಿಷಯ.

ಬೀಜನ ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ. ಬೆಳಗ್ಗೆ ಸಸಿ ಟ್ರೇ ಅಥವಾ ತಳಕ್ಕೆ ತೂತು ಮಾಡಿದ ಪೇಪರ್ ಲೋಟಕ್ಕೆ ಕೋಕೋಪೀಟು (ತೆಂಗಿನ ನಾರಿನ ಪುಡಿ), ಅದಕ್ಕೆ ಕಾಲು ಭಾಗ ಜರಡಿ ಹಿಡಿದ ಎರೆಗೊಬ್ಬರ ತುಂಬಿ ಅರ್ಧ ಸೆಂಟಿಮೀಟರ್ ಆಳಕ್ಕೆ ಒಂದೊಂದೇ ಬೀಜ ಹಾಕಿ, ಅದಕ್ಕಿಂತ ಆಳ ಬೇಡ. ಕೋಕೋಪೀಟನ್ನ ಮೊದಲು ಎರಡು ಮೂರು ನೀರಲ್ಲಿ ನೆನೆಸಿ ಹಿಂಡಿ ಚೆಲ್ಲಬೇಕು, ತೆಂಗಿನ ನಾರಲ್ಲಿ ಉಪ್ಪಿನಂಶ ಇರುತ್ತೆ, ತೊಳೀದೆ ಹಾಕಿದ್ರೆ ಸಸಿ ಎದ್ದಿದ್ದು ಹಾಗೇ ಹಳದಿ ಆಗಿ ಕೂತ್ಕೊಳ್ಳುತ್ತೆ. ಮೇಲೆ ಒಂದು ನ್ಯೂಸ್ ಪೇಪರ್ ಮುಚ್ಚಿ ನೆರಳಲ್ಲಿಡಿ. ಎಂಟು ಹತ್ತು ದಿನಕ್ಕೆ ಕೊಕ್ಕೆ ಥರ ಬಿಳಿ ಕಾಂಡ ಬಗ್ಗಿಕೊಂಡು ಮೇಲೆ ಬರುತ್ತೆ, ಒಂದೇ ಒಂದು ಕಂಡ್ರೂ ಸರಿ, ಅವತ್ತೇ ಪೇಪರ್ ತೆಗೆದು ಬೆಳಕಿಗಿಡಿ. ಒಂದು ದಿನ ತಡ ಮಾಡಿದ್ರೂ ಕತ್ತಲಲ್ಲಿ ನೂಲಿನಂಗೆ ಉದ್ದ ಆಗ್ಬಿಡುತ್ತೆ, ಆಮೇಲೆ ಸರಿ ಹೋಗಲ್ಲ.

ಕೆಲವು ಸಸಿ ತಲೆಮೇಲೆ ಬೀಜದ ಸಿಪ್ಪೆ ಟೋಪಿ ಥರ ಹೊತ್ಕೊಂಡೇ ಬರುತ್ತೆ, ಒಳಗೆ ಎರಡು ಎಲೆ ಸಿಕ್ಕಾಕ್ಕೊಂಡಿರುತ್ತೆ, ನೋಡಿದ್ರೆ ಪಾಪ ಅನ್ಸುತ್ತೆ, ಕೈ ಹಾಕಿ ಎಳೆದ್ರೆ ತಲೆನೇ ಕಿತ್ತು ಬರುತ್ತೆ. ಬೆರಳ ತುದಿಯಿಂದ ಒಂದು ಹನಿ ನೀರು ಆ ಟೋಪಿ ಮೇಲೆ ಇಡಿ, ಅರ್ಧ ಗಂಟೆ ಬಿಟ್ಟು ಇನ್ನೊಂದು ಹನಿ, ಸಂಜೆ ಹೊತ್ತಿಗೆ ಮೆತ್ತಗಾಗಿ ತಾನಾಗೇ ಜಾರುತ್ತೆ.

ಸಸಿ ಸಾಯೋದು ಸಾಮಾನ್ಯವಾಗಿ ನೀರು ಜಾಸ್ತಿ ಆಗಿ. ನೆಲಮಟ್ಟದಲ್ಲಿ ಕಾಂಡ ದಾರದಂಗೆ ಸಣ್ಣಗಾಗಿ ಒಂದು ಬೆಳಗ್ಗೆ ಎಲ್ಲಾ ಮಲಗಿಬಿಟ್ಟಿರುತ್ತೆ, ಅದು ಸಸಿ ಕೊಳೆ ರೋಗ, ಬಂದ ಮೇಲೆ ಔಷಧ ಹುಡುಕಿ ಪ್ರಯೋಜನ ಇಲ್ಲ. ಟ್ರೇನ ನೀರಿರೋ ತಟ್ಟೇಲಿ ಹತ್ತು ನಿಮಿಷ ಇಟ್ಟು ತಳದಿಂದ ನೀರು ಕುಡಿಸಿ ತೆಗೆದುಬಿಡಿ, ಮೇಲ್ಮೈ ಒಣಗಿರಲಿ, ಗಾಳಿ ಆಡಲಿ. ಕೋಕೋಪೀಟಿಗೆ ಒಂದು ಚಮಚ ಟ್ರೈಕೋಡರ್ಮಾ, ಅಂದ್ರೆ ಕೊಳೆ ರೋಗ ತಡೆಯೋ ಒಳ್ಳೇ ಶಿಲೀಂಧ್ರದ ಪುಡಿ, ಕಲಸಿದ್ರೆ ಇನ್ನೂ ಒಳ್ಳೇದು, ಗೊಬ್ಬರದ ಅಂಗಡಿಯಲ್ಲಿ ಸಿಗುತ್ತೆ.

ಇನ್ನೊಂದು ಮಾತು, ಇದನ್ನ ಯಾರೂ ನಂಗೆ ಮೊದಲೇ ಹೇಳಿರ್ಲಿಲ್ಲ. ಎಲೆ ಮುದುಡಿಸೋ ಮುಟುರು ರೋಗ ಹಚ್ಚೋ ಬಿಳಿ ನೊಣ ಸಸಿ ಇರೋವಾಗ್ಲೇ ಬಂದು ಚುಚ್ಚಿ ಹೋಗಿರುತ್ತೆ, ನಮಗೆ ಗೊತ್ತಾಗೋದು ಒಂದು ತಿಂಗಳಾದ ಮೇಲೆ. ಅದಕ್ಕೆ ಸಸಿ ಟ್ರೇಗೆ ಬಟ್ಟೆ ಪರದೆ ಬೇಕು. ಸೊಳ್ಳೆ ಪರದೆ ಸಾಲದು, ಅದರ ಕಣ್ಣೊಳಗೆ ಬಿಳಿ ನೊಣ ಆರಾಮಾಗಿ ದಾಟುತ್ತೆ. ನಾನು ಅವ್ವನ ಹಳೇ ವಾಯಿಲ್ ಸೀರೆ ತುಂಡು ನಾಲ್ಕು ಕಡ್ಡಿ ನೆಟ್ಟು ಡೇರೆ ಥರ ಕಟ್ಟಿ, ಅಂಚಿಗೆ ಕಲ್ಲಿಡ್ತೀನಿ. ಬೆಳಕು ಬರುತ್ತೆ, ನೊಣ ಬರಲ್ಲ.

ಬ್ಯಾಗು, ಮಣ್ಣು, ನಾಟಿ

ಒಂದು ಗಿಡಕ್ಕೆ 15 ಲೀಟರ್ ಹಿಡಿಯೋ ಬ್ಯಾಗು ಅಥವಾ 12 ಇಂಚಿನ ಕುಂಡ. ಎಂಟಿಂಚಿನ ಕುಂಡದಲ್ಲೂ ಬರುತ್ತೆ, ಆದ್ರೆ ಬೇಸಿಗೇಲಿ ದಿನಕ್ಕೆರಡು ಸಲ ನೀರು ಹಾಕ್ಬೇಕು, ಊರಿಗೆ ಹೋದ್ರೆ ಸತ್ತೋಗುತ್ತೆ. ಒಂದರಲ್ಲಿ ಎರಡು ಗಿಡ ಇಡಬೇಡಿ, ಆಸೆ ಆಗುತ್ತೆ, ಬೇಡ. ಕಪ್ಪು ಪ್ಲಾಸ್ಟಿಕ್ ಬ್ಯಾಗು ಬಿಸಿಲಲ್ಲಿ ಕಾದು ಬೇರು ಬೇಯಿಸಿಬಿಡುತ್ತೆ, ಬಿಳಿ ಇಲ್ಲ ಹಸಿರು ಬಣ್ಣದ ಬ್ಯಾಗು ತಗೊಳ್ಳಿ. ಕೆಳಗೆ ಎರಡು ಇಟ್ಟಿಗೆ ಕೊಟ್ಟು ಎತ್ತರಿಸಿ, ಟೆರೇಸ್ ಸೋರೋಕೆ ಶುರುವಾದ್ರೆ ಓನರ್ ಮೊದಲು ಬೈಯೋದು ನಿಮ್ಮ ಗಿಡಗಳನ್ನೇ. ನೀರು ಕುಡಿದ ಬ್ಯಾಗು ಒಂದೊಂದು ಹದಿನೈದು ಕೆಜಿ ಮೇಲೇ ತೂಗುತ್ತೆ, ಹಂಗಾಗಿ ಗೋಡೆ ಪಕ್ಕ, ಬೀಮ್ ಇರೋ ಕಡೆ ಜೋಡಿಸಿ, ಮಧ್ಯದಲ್ಲಿ ಗುಡ್ಡೆ ಹಾಕಬೇಡಿ.

ಮಣ್ಣಿಗೆ ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಕೋಕೋಪೀಟು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ, ಬ್ಯಾಗಿಗೆ ಒಂದು ಹಿಡಿ ಬೇವಿನ ಹಿಂಡಿ. ಹಸಿ ಸಗಣಿ ಗೊಬ್ಬರ ಬೇಡವೇ ಬೇಡ, ಅದರ ಜೊತೆ ಬೇರು ತಿನ್ನೋ ಗೊಣ್ಣೆ ಹುಳನೂ ಬರುತ್ತೆ. ಮಿಕ್ಸ್ ಸರಿ ಇದ್ಯಾ ಅಂತ ನೋಡೋಕೆ ಒಂದು ಮುಷ್ಟಿ ಒದ್ದೆ ಮಣ್ಣು ಹಿಡಿದು ಉಂಡೆ ಕಟ್ಟಿ, ಬೆರಳಲ್ಲಿ ಮುಟ್ಟಿದ್ರೆ ಉದುರಬೇಕು. ಉದುರಲಿಲ್ಲ ಅಂದ್ರೆ ಇನ್ನೊಂಚೂರು ಕೋಕೋಪೀಟೋ ಮರಳೋ ಸೇರಿಸಿ.

ಸಸಿಗೆ 35 ರಿಂದ 40 ದಿನ ಆಗಿ, ಐದಾರು ಎಲೆ ಬಂದಿದ್ರೆ ನಾಟಿಗೆ ರೆಡಿ. ಅದಕ್ಕೆ ಮುಂಚೆ ಒಂದು ವಾರ ಬೆಳಗಿನ ಬಿಸಿಲು ಸ್ವಲ್ಪ ಸ್ವಲ್ಪ ಅಭ್ಯಾಸ ಮಾಡಿಸಿ, ನೇರ ಬಿಸಿಲಿಗಿಟ್ಟರೆ ಎಲೆ ಬೆಳ್ಳಗೆ ಸುಟ್ಟೋಗುತ್ತೆ. ಮೋಡ ಇರೋ ದಿನ ಸಂಜೆ ನಾಟಿ ಮಾಡಿ. ಟೊಮ್ಯಾಟೊ ಥರ ಕಾಂಡ ಆಳಕ್ಕೆ ಹೂಳಬೇಡಿ, ಟ್ರೇಲಿ ಎಷ್ಟಿತ್ತೋ ಅಷ್ಟೇ. ಆಧಾರಕ್ಕೆ ಬಿದಿರು ಕಡ್ಡಿನ ಅವತ್ತೇ ನೆಟ್ಬಿಡಿ, ಆಮೇಲೆ ಚುಚ್ಚಿದ್ರೆ ಬೇರು ಕಡಿಯುತ್ತೆ, ಮತ್ತೆ ಬೆಂಗಳೂರಿನ ಆಷಾಢದ ಗಾಳಿಗೆ ಕಡ್ಡಿ ಇಲ್ಲದ ಗಿಡ ನಿಲ್ಲಲ್ಲ.

ಮೊದಲ ಎರಡು ವಾರ ಗಿಡ ಬೆಳೆದಂಗೇ ಕಾಣಲ್ಲ. ಬೇರು ಹೂಡ್ತಾ ಇರುತ್ತೆ, ಸುಮ್ನಿರಿ. ಇಲ್ಲೇ ಎಲ್ರೂ ಗೊಬ್ಬರ ಸುರಿಯೋದು. ನಾನೂ ಒಂದು ವರ್ಷ 19:19:19, ಅಂದ್ರೆ ಸಾರಜನಕ, ಫಾಸ್ಫರಸ್, ಪೊಟ್ಯಾಷ್ ಸಮಪಾಲು ಇರೋ ರಾಸಾಯನಿಕ ಗೊಬ್ಬರ, ಅಳತೆ ಇಲ್ದೆ ಒಂದೊಂದು ಹಿಡಿ ಹಾಕಿದ್ದೆ, ಮೂರನೇ ದಿನಕ್ಕೆ ಎಲೆ ಅಂಚೆಲ್ಲ ಹಪ್ಪಳ ಸುಟ್ಟಂಗೆ ಆಗಿತ್ತು, ನಾಲ್ಕು ಗಿಡ ಹೋಯ್ತು.

ನೀರು, ಗೊಬ್ಬರ

ನೀರಿಗೆ ಒಂದೇ ಟೆಸ್ಟು, ಬೆರಳನ್ನ ಎರಡನೇ ಗೆಣ್ಣಿನವರೆಗೂ ಮಣ್ಣಲ್ಲಿ ಚುಚ್ಚಿ, ಒಣಗಿದ್ರೆ ಹಾಕಿ, ತಂಪಿದ್ರೆ ಬಿಡಿ. ಹಾಕಿದಾಗ ತಳದ ತೂತಿಂದ ಬರೋವರೆಗೂ ಹಾಕಿ, ದಿನಾ ಅರ್ಧ ಅರ್ಧ ಲೋಟ ಹಾಕೋ ಅಭ್ಯಾಸ ಕೆಟ್ಟದ್ದು. ಮಧ್ಯಾಹ್ನ ಎರಡು ಗಂಟೆಗೆ ಎಲೆ ಬಾಡಿದ್ದು ನೋಡಿ ಓಡಿ ಹೋಗಿ ನೀರು ಹಾಕಬೇಡಿ, ಸಂಜೆ ತನಕ ಕಾಯಿರಿ, ತಾನಾಗೇ ಎದ್ದು ನಿಂತ್ರೆ ಅದು ಬರೀ ಬಿಸಿಲಿನ ಸುಸ್ತು. ಸಂಜೇನೂ ಬಾಡೇ ಇದ್ದು ಮಣ್ಣು ಒದ್ದೆ ಇದ್ರೆ ಬೇರು ಕೊಳೀತಾ ಇದೆ ಅಂತ ಅರ್ಥ, ಆಗ ನೀರು ಹಾಕಿದ್ರೆ ಕಥೆ ಮುಗೀತು.

ಗೊಬ್ಬರಕ್ಕೆ ನಾಟಿ ಆಗಿ ಮೂರು ವಾರ ಆದ ಮೇಲೆ ಹದಿನೈದು ದಿನಕ್ಕೊಂದು ಸಲ ಎರಡು ಹಿಡಿ ಎರೆಗೊಬ್ಬರ. ಜೊತೆಗೆ ಶೇಂಗಾ ಹಿಂಡಿ, ನೂರು ಗ್ರಾಂ ಒಂದು ಲೀಟರ್ ನೀರಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ ಗಿಡಕ್ಕೊಂದು ಮಗ್ಗು. ವಾಸನೆ ಭಯಂಕರ, ಪಕ್ಕದ ಮನೆಯವರು ಬಟ್ಟೆ ಒಣ ಹಾಕೋ ದಿನ ಮಾತ್ರ ಮಾಡಬೇಡಿ. ರಾಸಾಯನಿಕ ಹಾಕೋರು 19:19:19 ಲೀಟರಿಗೆ 2 ಗ್ರಾಂ, ಹೂವು ಶುರುವಾದ ಮೇಲೆ ಪೊಟ್ಯಾಷ್ ಜಾಸ್ತಿ ಇರೋ 13:0:45 ಲೀಟರಿಗೆ 3 ಗ್ರಾಂ, ಒದ್ದೆ ಮಣ್ಣಿಗೇ ಕೊಡಬೇಕು. ಗಿಡ ಕಡುಹಸಿರಾಗಿ, ಪೊದೆ ಥರ ಬೆಳೆದು ಒಂದೂ ಹೂವಿಲ್ಲ ಅಂದ್ರೆ ಸಾರಜನಕ ಜಾಸ್ತಿ ಆಗಿದೆ, ಒಂದು ತಿಂಗಳು ಏನೂ ಕೊಡದೆ ಬಿಡಿ. ಮೊಟ್ಟೆ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆ ನೀರು ಅಂತ ವಿಡಿಯೋದಲ್ಲಿ ತೋರಿಸ್ತಾರಲ್ಲ, ಹಾಕಿದ್ರೆ ನಷ್ಟ ಏನಿಲ್ಲ, ಲಾಭನೂ ನಂಗಂತೂ ಕಂಡಿಲ್ಲ.

ಗಿಡ ಮುಕ್ಕಾಲಡಿ ಆದಾಗ ತಾನಾಗೇ ವೈ ಆಕಾರಕ್ಕೆ ಕವಲು ಒಡೆಯುತ್ತೆ, ಆ ಕವಲಿನ ಸಂದಿಯಲ್ಲೇ ಮೊದಲ ಹೂವು. ಆ ಒಂದು ಹೂವನ್ನ ಮಾತ್ರ ಚಿವುಟ್ತೀನಿ, ಕವಲಿಗಿಂತ ಕೆಳಗಿನ ಸಣ್ಣ ಚಿಗುರುಗಳನ್ನೂ ತೆಗೀತೀನಿ, ಗಾಳಿ ಆಡುತ್ತೆ, ಮಣ್ಣಿನ ಕೊಳೆ ಎಲೆಗೆ ಸಿಡಿಯಲ್ಲ. ಇನ್ನು ತುದಿನೇ ಕತ್ತರಿಸಬೇಕು ಅನ್ನೋರಿದ್ದಾರೆ, ಕವಲು ತಾನಾಗೇ ಬರೋ ಗಿಡಕ್ಕೆ ಅದ್ಯಾಕೆ ಅಂತ ನಂಗನ್ಸುತ್ತೆ.

ಎಲೆ ಮುದುಡೋದು

ಮೆಣಸಿನಗಿಡ ಸೋಲೋದು ಇಲ್ಲೇ, ಅದಕ್ಕೆ ಇದನ್ನ ನಿಧಾನಕ್ಕೆ ಓದಿ. ಎಲೆ ಮುದುಡಿತು ಅಂದ ತಕ್ಷಣ ಎಲ್ಲಾನೂ ವೈರಸ್ ಅಂದ್ಕೊಂಡು ಕಿತ್ತು ಹಾಕೋರು ಒಂದು ಕಡೆ, ಎಲ್ಲಕ್ಕೂ ಬೇವಿನ ಎಣ್ಣೆ ಹೊಡೆಯೋರು ಇನ್ನೊಂದು ಕಡೆ. ಮುದುಡೋದ್ರಲ್ಲಿ ಮೂರು ಬಗೆ ಇದೆ, ಮೂರಕ್ಕೂ ಮದ್ದು ಬೇರೆ.

ಎಲೆ ಅಂಚು ಮೇಲಕ್ಕೆ ಮಡಚ್ಕೊಂಡು ದೋಣಿ ಥರ ಆಗಿದ್ರೆ ಥ್ರಿಪ್ಸ್ ಅನ್ನೋ ರಸ ಹೀರೋ ಸಣ್ಣ ಕೀಟ. ಎಲೆ ಅಂಚು ಕೆಳಕ್ಕೆ ಮಡಚಿ, ಕವುಚಿದ ದೋಣಿ ಥರ ಆಗಿ, ಎಲೆ ತೊಟ್ಟು ಇಲಿ ಬಾಲದಂಗೆ ಉದ್ದ ಆಗಿದ್ರೆ ಮೈಟ್ ನುಸಿ. ಎಲೆ ಸಣ್ಣಗಾಗಿ, ನರಗಳ ಮಧ್ಯೆ ಹಳದಿ ಬಂದು, ಕುಡಿಯೆಲ್ಲ ಒಂದೇ ಕಡೆ ಗಂಟು ಹಾಕ್ಕೊಂಡು ಗಿಡ ಕುಳ್ಳಗೆ ನಿಂತಿದ್ರೆ ಬಿಳಿ ನೊಣ ತಂದ ವೈರಸ್. ಮೊದಲೆರಡಕ್ಕೆ ದಾರಿ ಇದೆ, ಮೂರನೇದಕ್ಕೆ ಇಲ್ಲ, ಕಿತ್ತು ಕವರಲ್ಲಿ ಕಟ್ಟಿ ಎಸೀಬೇಕು, ಕಾಂಪೋಸ್ಟಿಗೆ ಹಾಕಬೇಡಿ. ಕೀಳೋಕೆ ಮನಸ್ಸು ಬರಲ್ಲ ಗೊತ್ತು. ನಾನು ಒಂದನ್ನ ಹಾಗೇ ಉಳಿಸ್ಕೊಂಡು ಪಕ್ಕದ ಐದಕ್ಕೆ ಹಚ್ಚಿಸ್ಕೊಂಡಿದ್ದೀನಿ.

ಥ್ರಿಪ್ಸ್ ಕಣ್ಣಿಗೆ ಕಾಣಲ್ಲ ಅಂತೀರಲ್ಲ, ಕಾಣುತ್ತೆ. ಬೆಳಗ್ಗೆ ಒಂದು ಬಿಳಿ ಹಾಳೆ ಹಿಡಿದು ಅದರ ಮೇಲೆ ಹೂವನ್ನ ಬೆರಳಲ್ಲಿ ಎರಡು ಸಲ ತಟ್ಟಿ. ಹಾಳೆ ಮೇಲೆ ಪೆನ್ಸಿಲಿನ ಚುಕ್ಕಿಗಿಂತ ಸ್ವಲ್ಪ ಉದ್ದ ಇರೋ ಹಳದಿ ಇಲ್ಲ ಕಪ್ಪು ಗೀರುಗಳು ಬೀಳುತ್ತೆ, ಎರಡು ಸೆಕೆಂಡ್ ಸುಮ್ನಿದ್ದು ಓಡೋಕೆ ಶುರು ಮಾಡುತ್ತೆ. ಕಪ್ಪಗಿರೋದು ಹೊಸ ಜಾತಿ ಥ್ರಿಪ್ಸ್ ಇರಬಹುದು, 2021-22ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ರಾಯಚೂರು ಬಳ್ಳಾರಿ ಕಡೆ ಮೆಣಸಿನ ಹೊಲಗಳನ್ನ ಮಲಗಿಸಿದ್ದು ಅದೇ, ಎಲೆಗಿಂತ ಹೂವಲ್ಲೇ ಜಾಸ್ತಿ ಕೂತಿರುತ್ತೆ, ಅದಕ್ಕೇ ತಟ್ಟಿ ನೋಡಬೇಕಾಗಿರೋದು ಹೂವನ್ನ. ಮೈಟ್ ಮಾತ್ರ ನಿಜವಾಗ್ಲೂ ಬರಿಗಣ್ಣಿಗೆ ಕಾಣಲ್ಲ, ಎಲೆ ಮಡಚಿದ ರೀತಿನೇ ಸಾಕ್ಷಿ.

ಮದ್ದಿಗೆ ಮೊದಲು ಬರೀ ನೀರು. ಎಲೆ ಅಡಿಭಾಗಕ್ಕೆ ಬೆಳಗ್ಗೆ ಪೈಪಲ್ಲಿ ಜೋರಾಗಿ ನೀರು ಹೊಡೀರಿ, ಮೂರು ದಿನಕ್ಕೊಂದು ಸಲ, ಎಷ್ಟೋ ಸಲ ಇಷ್ಟರಲ್ಲೇ ಹತೋಟಿಗೆ ಬರುತ್ತೆ. ಬರಲಿಲ್ಲ ಅಂದ್ರೆ ಬೇವಿನ ಎಣ್ಣೆ, ಲೀಟರ್ ನೀರಿಗೆ 5 ಎಂಎಲ್, ಎಣ್ಣೆಗೆ ಮೊದಲು ಒಂದೆರಡು ಎಂಎಲ್ ಸೋಪಿನ ದ್ರಾವಣ ಹಾಕಿ ಚೆನ್ನಾಗಿ ಕಲಕಿ, ಹಾಲಿನಂಗೆ ಬೆಳ್ಳಗಾದ ಮೇಲೆ ನೀರಿಗೆ ಬೆರೆಸಿ. ಎಣ್ಣೆ ಮೇಲೆ ತೇಲ್ತಾ ಇದ್ರೆ ಎಲೆ ಸುಡುತ್ತೆ. ಸಂಜೆ ಐದೂವರೆ ಮೇಲೇ ಹೊಡೀಬೇಕು, ಎಲೆ ಅಡಿಗೆ, ಕುಡಿಗೆ, ವಾರಕ್ಕೊಂದು ಸಲ ಮೂರು ವಾರ. ಒಂದೇ ಸಲ ಹೊಡೆದು ಕೆಲಸ ಮಾಡ್ಲಿಲ್ಲ ಅನ್ನಬೇಡಿ, ಮೊಟ್ಟೆಗಳಿಗೆ ಏನೂ ಆಗಿರಲ್ಲ. ಮೈಟ್ ಜಾಸ್ತಿ ಇದ್ರೆ ನೀರಲ್ಲಿ ಕರಗೋ ಗಂಧಕದ ಪುಡಿ ಲೀಟರಿಗೆ 3 ಗ್ರಾಂ, ಆದ್ರೆ ಬೇವಿನ ಎಣ್ಣೆ ಹೊಡೆದು ಎರಡು ವಾರದೊಳಗೆ ಗಂಧಕ ಹೊಡೀಬೇಡಿ, ಬಿಸಿಲು ಜೋರಿದ್ದಾಗ್ಲೂ ಬೇಡ, ಎಲೆ ಉದುರಿಬಿಡುತ್ತೆ. ಅಂಟು ಹಾಳೆ ನೇತು ಹಾಕಿ, ಬಿಳಿ ನೊಣಕ್ಕೆ ಹಳದಿ, ಥ್ರಿಪ್ಸಿಗೆ ನೀಲಿ. ಅದರಿಂದ ಕೀಟ ಪೂರ್ತಿ ಹೋಗಲ್ಲ, ಎಷ್ಟು ಬಂದಿದೆ ಅಂತ ಗೊತ್ತಾಗುತ್ತೆ ಅಷ್ಟೇ.

ಮದ್ದು ಕೆಲಸ ಮಾಡ್ತಾ ಇದ್ಯಾ ಇಲ್ವಾ ಅಂತ ತಿಳಿಯೋಕೆ ಹಳೇ ಮುದುಡಿದ ಎಲೆ ನೋಡಬೇಡಿ, ಅದು ಮತ್ತೆ ಬಿಚ್ಕೊಳ್ಳಲ್ಲ. ಕುಡಿ ನೋಡಿ. ಹೊಸದಾಗಿ ಬಂದ ಎರಡು ಎಲೆ ಚಪ್ಪಟೆಯಾಗಿ, ಹೊಳೀತಾ ಇದ್ರೆ ಗೆದ್ರಿ, ಔಷಧ ನಿಲ್ಲಿಸಿ.

ಹೂವು, ಕಾಯಿ

ಹೂವು ಉದುರೋದಕ್ಕೆ ಗಾಬರಿ ಬೇಡ, ಶುರುವಲ್ಲಿ ಸ್ವಲ್ಪ ಉದುರೇ ಉದುರುತ್ತೆ. ಹಗಲು 35 ಡಿಗ್ರಿ ದಾಟಿದ್ರೆ, ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ಕೆಸರಾದ್ರೆ, ಥ್ರಿಪ್ಸ್ ಇದ್ರೆ ಜಾಸ್ತಿ ಉದುರುತ್ತೆ. ಹೂವು ತನ್ನಷ್ಟಕ್ಕೆ ತಾನೇ ಪರಾಗಸ್ಪರ್ಶ ಮಾಡ್ಕೊಳ್ಳುತ್ತೆ, ಗಾಳಿ ಕಮ್ಮಿ ಇರೋ ಬಾಲ್ಕನಿ ಆದ್ರೆ ಬೆಳಗ್ಗೆ ಕೊಂಬೆನ ಮೆಲ್ಲಗೆ ಅಲ್ಲಾಡಿಸಿ ಸಾಕು. ಪಕ್ಕದಲ್ಲಿ ಕ್ಯಾಪ್ಸಿಕಂ ಇಟ್ರೆ ಅದೂ ಖಾರ ಆಗುತ್ತೆ ಅನ್ನೋದು ತಪ್ಪು, ಈ ವರ್ಷದ ಕಾಯಿಗೆ ಏನೂ ಆಗಲ್ಲ, ಒಳಗಿನ ಬೀಜ ಮಾತ್ರ ಬೆರಕೆ ಆಗಿರಬಹುದು, ಅದು ಗೊತ್ತಾಗೋದು ಮುಂದಿನ ವರ್ಷ. ಅದಕ್ಕೇ ಬೀಜಕ್ಕೆ ಬಿಡೋ ಕೊಂಬೆಗೆ ಮೊಗ್ಗಿರೋವಾಗ್ಲೇ ಒಂದು ತೆಳು ಬಟ್ಟೆ ಚೀಲ ಕಟ್ಟಿ, ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ದಾರ ಕಟ್ಟಿ ಗುರುತು ಮಾಡಿ.

ಹಸಿಮೆಣಸನ್ನ ಬಿಡ್ದೆ ಕೊಯ್ಯಿರಿ, ಕೊಯ್ದಷ್ಟೂ ಬಿಡುತ್ತೆ. ಎಳೀಬೇಡಿ, ಕೊಂಬೆನೇ ಸಿಗಿದು ಬರುತ್ತೆ, ತೊಟ್ಟನ್ನ ಮೇಲಕ್ಕೆ ಎತ್ತಿ ಮುರೀರಿ ಇಲ್ಲ ಕತ್ತರಿ ಹಾಕಿ. ಹಣ್ಣಾಗೋಕೆ ಬಿಟ್ರೆ ಇನ್ನೂ ಮೂರು ನಾಲ್ಕು ವಾರ. ಹಣ್ಣಾಗ್ತಿದ್ದಂಗೆ ಪಿಕಳಾರ, ಗಿಣಿ ಬರುತ್ತೆ, ಹಕ್ಕಿಗಳಿಗೆ ಈ ಖಾರ ಗೊತ್ತೇ ಆಗಲ್ಲ, ಮಲೆನಾಡಿನ ತೋಟಗಳಲ್ಲಿ ಯಾರೂ ಬಿತ್ತದೆ ಸೂಜಿಮೆಣಸು ಎದ್ದಿರೋದೂ ಇವರ ಕೃಪೆನೇ. ಅರ್ಧ ಕೆಂಪಾದಾಗ್ಲೇ ಕೊಯ್ದು ಒಳಗಿಟ್ರೆ ಎರಡು ಮೂರು ದಿನದಲ್ಲಿ ಪೂರ್ತಿ ಕೆಂಪಾಗುತ್ತೆ.

ಹಣ್ಣಿನ ಮೇಲೆ ಉಂಗುರದಂಗೆ ತಗ್ಗಾದ ಕಂದು ಮಚ್ಚೆ ಬಂದ್ರೆ ಕಾಯಿ ಕೊಳೆ ರೋಗ, ಮಳೆ ಜಾಸ್ತಿ ಆದಾಗ ಬರೋದು, ಅಂಥ ಹಣ್ಣು ತೆಗೆದು ಬಿಸಾಕಿ, ಎಲೆ ಮೇಲೆ ನೀರು ಹಾಕೋದು ನಿಲ್ಲಿಸಿ, ಆ ಹಣ್ಣಿನ ಬೀಜ ಇಟ್ಕೋಬೇಡಿ.

ಒಣಗಿಸೋ ಕೆಲಸ ನವೆಂಬರಲ್ಲಿ ಬೇಡ, ಬಂಗಾಳಕೊಲ್ಲಿಯಲ್ಲಿ ಸೈಕ್ಲೋನ್ ಎದ್ರೆ ಬೆಂಗಳೂರಲ್ಲಿ ಒಂದು ವಾರ ಬಿಸಿಲೇ ಇರಲ್ಲ, ಬೂಷ್ಟು ಬರುತ್ತೆ. ಜನವರಿ, ಫೆಬ್ರವರಿ ಸರಿ. ಗಿಡದಲ್ಲೇ ಸ್ವಲ್ಪ ಸುಕ್ಕಾಗೋವರೆಗೂ ಬಿಟ್ಟು ಕೊಯ್ದು, ಬಟ್ಟೆ ಮೇಲೆ ಒಂದೇ ಪದರ ಹರವಿ, ಸಂಜೆ ಗುಡ್ಡೆ ಮಾಡಿ ಮುಚ್ಚಿಡಿ, ಇಬ್ಬನಿ ಬೀಳಬಾರ್ದು. ಎಂಟು ಹತ್ತು ದಿನ ಬೇಕು. ಕೈಯಲ್ಲಿ ಹಿಡಿದು ಅಲ್ಲಾಡಿಸಿದ್ರೆ ಬೀಜ ಗಿಲಗಿಲ ಅನ್ಬೇಕು, ತೊಟ್ಟು ಪಟ್ ಅಂತ ಮುರೀಬೇಕು. ಒಂದು ಕೆಜಿ ಹಣ್ಣಿಗೆ ಕಾಲು ಕೆಜಿ ಒಣಮೆಣಸು ಬಂದ್ರೆ ಲೆಕ್ಕ ಸರಿ.

ಎಲ್ಲಾನೂ ಒಣಗಿಸಿಬಿಡಬೇಡಿ, ಅರ್ಧ ಕೆಜಿ ಹಸಿ ಹಣ್ಣು ರಂಜಕಕ್ಕೆ, ಅಂದ್ರೆ ನಮ್ಮ ಕಡೆಯ ಕೆಂಪು ಮೆಣಸಿನ ಚಟ್ನಿಗೆ ಇಟ್ಕೊಳ್ಳಿ. ತೊಳೆದು, ಬಟ್ಟೇಲಿ ನೀರಿನ ಪಸೆ ಇಲ್ದಂಗೆ ಒರೆಸಿ, ತೊಟ್ಟು ತೆಗೆದು, ಎರಡು ಗಡ್ಡೆ ಬೆಳ್ಳುಳ್ಳಿ, ಉಪ್ಪು, ಹುರಿದ ಮೆಂತ್ಯದ ಪುಡಿ ಒಂದು ಚಮಚ ಹಾಕಿ ತರಿತರಿಯಾಗಿ ರುಬ್ಬಿ, ನಾಲ್ಕು ನಿಂಬೆಹಣ್ಣು ಹಿಂಡಿ, ಇಂಗಿನ ಒಗ್ಗರಣೆ ಆರಿಸಿ ಸುರೀರಿ. ಜೋಳದ ರೊಟ್ಟಿ, ಮೇಲೆ ಒಂದಿಷ್ಟು ಕೆನೆಮೊಸರು. ರುಬ್ಬೋ ಮುಂಚೆ ಕೈಗೆ ಎಣ್ಣೆ ಹಚ್ಕೊಳ್ಳಿ, ಉರಿ ಹತ್ತಿದ್ರೂ ಮೊದಲು ಎಣ್ಣೆ ಆಮೇಲೆ ಸೋಪು, ಬರೀ ನೀರಿಗೆ ಅದು ಕರಗಲ್ಲ. ಬಾಯಿ ಉರಿದ್ರೆ ಮೊಸರು. ಖಾರ ಇರೋದು ಬೀಜದಲ್ಲಲ್ಲ, ಬೀಜ ಅಂಟ್ಕೊಂಡಿರೋ ಒಳಗಿನ ಬಿಳಿ ತಿರುಳಲ್ಲಿ, ಕಮ್ಮಿ ಖಾರ ಬೇಕು ಅನ್ನೋರು ಅದನ್ನ ಕೆರೆದು ತೆಗೀರಿ.

ಸೀಸನ್ ಮುಗಿದ ಮೇಲೆ

ಫೆಬ್ರವರಿ ಕೊನೇಲಿ ಕಾಯಿ ಸಣ್ಣಗಾಗ್ತಾ ಬರುತ್ತೆ, ಗಿಡ ಸುಸ್ತಾಗಿ ಕಾಣುತ್ತೆ. ಕಿತ್ತು ಹಾಕಬೇಡಿ. ಮೆಣಸು ಒಂದು ವರ್ಷದ ಗಿಡ ಅಲ್ಲ, ಹಿಮ ಬೀಳದ ನಮ್ಮ ಊರುಗಳಲ್ಲಿ ಎರಡು ಮೂರು ವರ್ಷ ಬದುಕುತ್ತೆ. ಆರೋಗ್ಯವಾಗಿರೋ ಗಿಡ ಮಾತ್ರ ಆರಿಸಿ, ಕವಲಿಂದ ಮೇಲೆ ನಾಲ್ಕೈದು ಇಂಚು ಬಿಟ್ಟು ಚೂಪಾದ ಕತ್ತರೀಲಿ ಸವರಿ, ಎಲೆ ಎಲ್ಲಾ ತೆಗೆದು, ಮೇಲಿನ ಎರಡಿಂಚು ಮಣ್ಣು ಕೆದಕಿ ತೆಗೆದು ಹೊಸ ಎರೆಗೊಬ್ಬರ, ಬೇವಿನ ಹಿಂಡಿ ತುಂಬಿ. ನೀರು ಅರ್ಧಕ್ಕಿಳಿಸಿ, ಎಲೆ ಇಲ್ಲದ ಗಿಡ ಎಷ್ಟು ನೀರು ಕುಡಿದೀತು. ಏಪ್ರಿಲ್ ಮೇ ತಿಂಗಳಿಗೆ ಮೇಲೆ 50 ಪರ್ಸೆಂಟಿನ ಹಸಿರು ನೆರಳು ಬಲೆ ಕಟ್ಟಿ, ಬುಡಕ್ಕೆ ಒಣ ಎಲೆ ಮುಚ್ಚಿಗೆ ಹಾಕಿ. ಕಲಬುರಗಿ ರಾಯಚೂರಿನವರು ಬಲೆ ಇಲ್ದೆ ಪ್ರಯತ್ನವೇ ಮಾಡಬೇಡಿ. ಮುಟುರು ಇದ್ದ ಗಿಡ ಸವರಿದ್ರೂ ಮುಟುರೇ ಬರುತ್ತೆ, ಅದನ್ನ ಇಟ್ಕೊಂಡು ಕೂರಬೇಡಿ.

ಹೋದ ವರ್ಷ ಸವರಿದ ಒಂದು ಬ್ಯಾಡಗಿ ಗಿಡ ಮೂರು ವಾರ ಬರೀ ಕಡ್ಡಿಯಾಗಿ ನಿಂತಿತ್ತು, ಹೆಂಡತಿ ದಿನಾ ಕೇಳೋಳು ಇದನ್ನ ಯಾಕೆ ಇಟ್ಕೊಂಡಿದ್ದೀರ ಅಂತ. ಯುಗಾದಿ ಬೆಳಗ್ಗೆ ಬೇವಿನ ಸೊಪ್ಪು ಕೀಳೋಕೆ ಟೆರೇಸಿಗೆ ಹೋದಾಗ ನೋಡ್ತೀನಿ, ಗೆಣ್ಣು ಗೆಣ್ಣಲ್ಲೂ ಸಾಸಿವೆ ಕಾಳಿನಷ್ಟು ಹಸಿರು. ಬಗ್ಗಿ ಒಂದು ಕುಡಿನ ಬೆರಳಲ್ಲಿ ತಿರುಗಿಸಿ ಅಡಿ ನೋಡಿದೆ. ಅಷ್ಟು ಬೇಗ ಒಂದು ಬಿಳಿ ನೊಣ ಬಂದು ಕೂತಾಗಿತ್ತು.